ಥಮ್ಸರ್ ಘಟ್ಟವನ್ನು ಸರ್ನೋ ಕಂಡದ್ದು

ಹಿಮದ ಬೆಟ್ಟಗಳ ಬುಡದ ಬೀರ್ ಊರಿನ ಮೇಲ್ಕೇರಿಯಲ್ಲಿ ಸರ್ನೋಳ ಬಾಯಿಗೆ ಹೆದರದವನು ಒಬ್ಬನೇ, ಅವಳ ಗಂಡ ಸಾಹ್ಣು. ಗದ್ದಿ ಕುಲದ ಕುರಿಗಾರ. ಬೇಸಿಗೆ ಹುಟ್ಟಿದೊಡನೆ ಮಂದೆ ಹೊಡೆದುಕೊಂಡು ಥಮ್ಸರ್ ಘಟ್ಟ ಹತ್ತಿ, ಆಚೆಯ ಬಡಾ ಭಂಗಾಲದ ಹುಲ್ಲಿಗೆ ಇಳಿದನೆಂದರೆ, ಕೆಳಗೆ ಮೆಕ್ಕೆಜೋಳ ಮುರಿಯುವ ಹೊತ್ತಿಗೆ ಮನೆ ಸೇರಬೇಕು. ಒಂದು ವರ್ಷವೂ ಸೇರಿದವನಲ್ಲ. ಜೋಳ ಇವಳೇ ಮುರಿದಳು. ಚೊಚ್ಚಲ ಹೆರಿಗೆ ಅವನಿಲ್ಲದೆ ಆಯಿತು. ಮಾವನ ಚಿತೆಗೆ ಮೈದುನ ಬೆಂಕಿಯಿಟ್ಟ. ಗಂಡ ದಾರಿಯಲ್ಲೆಲ್ಲೋ ಹುಕ್ಕಾ ಎಳೆಯುತ್ತಾ ಕಾಲ ಕಳೆಯುತ್ತಾನೆಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅವನದು ಒಂದೇ ಉತ್ತರ: ನೀನೊಂದು ಸಲ ಬಂದು ನೋಡು. ಆ ಮನೆತನದಲ್ಲಿ ಹೆಂಗಸರು ಘಟ್ಟ ಹತ್ತುವ ರೂಢಿಯಿರಲಿಲ್ಲ. ಈಗ ಸಾಹ್ಣುವಿನ ಮಂಡಿ ಸವೆದು ಮಂದೆ ಮಗನ ಪಾಲಾಗಿತ್ತು. ಜಗಳಕ್ಕೆ ಮಾತ್ರ ಮುಪ್ಪು ಬಂದಿರಲಿಲ್ಲ.

ಸರ್ನೋಳ ಅಣ್ಣನ ಮಗ ಕರ್ಮು, ಬಿಲ್ಲಿಂಗ್ ಗುಡ್ಡದ ನೆತ್ತಿಯಿಂದ ಪ್ಯಾರಾಗ್ಲೈಡರಿನಲ್ಲಿ ಜನರನ್ನು ಕೂರಿಸಿಕೊಂಡು ಹಾರುವವನು. ಗಾಳಿ ಒಲಿದರೆ ಥಮ್ಸರ್ ಕಾಣುವಷ್ಟು ಎತ್ತರಕ್ಕೆ ಒಯ್ಯುತ್ತೇನೆ, ನೀವೇ ನೋಡಿ ಜಗಳ ತೀರಿಸಿಕೊಳ್ಳಿ ಎಂದ. ಬೆನ್ನಿಗೆ ಮೋಟಾರು ಕಟ್ಟಿಕೊಂಡು ಹಾರುವ ಗೆಳೆಯನೂ ಒಬ್ಬ ಅವನಿಗಿದ್ದ. ಆ ಮೋಟಾರಿನ ಸದ್ದಿಗೆ ಕುರಿಗಳು ದಿಕ್ಕಾಪಾಲಾದದ್ದನ್ನು ಸರ್ನೋ ಕಣ್ಣಾರೆ ಕಂಡಿದ್ದಳು.

"ಹಿಟ್ಟಿನ ಗಿರಣಿ ಹೊತ್ಕೊಂಡು ದೇವರ ಸೀಮೆಗೆ ಹೋಗ್ತಾರೇನೋ? ನಿಂದೇ ಸಾಕು, ಸದ್ದಿಲ್ಲದ್ದು," ಎಂದಳು.

ಸದ್ದಿಲ್ಲದ್ದಕ್ಕೂ ಒಂದು ಕಟ್ಟಳೆ ಹಾಕಿದಳು. ಗಾಳಿಗೂ ಮಳೆಗೂ ಒಡೆಯ ಇಂದ್ರು ನಾಗ. ಅವನ ಅಪ್ಪಣೆ ಬೇಕು. ಬಲಿಯ ಮೇಕೆಯ ಬೆನ್ನಿಗೆ ನೀರು ಚಿಮುಕಿಸಿದಾಗ ಅದು ಮೈ ನಡುಗಿಸಿದರೆ ದೇವರು ಒಪ್ಪಿದನೆಂದು ಗದ್ದಿಗಳ ಲೆಕ್ಕ. ತನ್ನ ಬೆನ್ನಿಗೂ ಹಾಗೆಯೇ ಚಿಮುಕಿಸಬೇಕು, ನಡುಗಿದರೆ ಹಾರುವುದು, ಇಲ್ಲವಾದರೆ ಮನೆಗೆ.

ಬಿಲ್ಲಿಂಗಿನ ಇಳಿಜಾರಿನಲ್ಲಿ ಕರ್ಮು ಪ್ಯಾರಾಗ್ಲೈಡರಿನ ಬಟ್ಟೆಯ ರೆಕ್ಕೆಯನ್ನು ಹುಲ್ಲಿನ ಮೇಲೆ ಹರವಿದ. ಗದ್ದಿಗಳ ರೂಢಿಯಂತೆ ಸೊಂಟಕ್ಕೆ ಸುತ್ತಿದ ಕರಿ ಉಣ್ಣೆಯ ಹಗ್ಗ ಬಿಚ್ಚಲು ಅತ್ತೆ ಒಪ್ಪದಿದ್ದಾಗ, ಅದರ ಮೇಲೆಯೇ ಪಟ್ಟಿಗಳನ್ನು ಬಿಗಿದ. ಸಾಹ್ಣು ಬೊಗಸೆಯಲ್ಲಿ ನೀರು ತಂದು ಅವಳ ಬೆನ್ನಿಗೆ ಚಿಮುಕಿಸಿದ. ಅವಳು ಕಂಬದಂತೆ ನಿಂತಿದ್ದಳು. ಕರ್ಮು ಉಪಾಯವಾಗಿ ಮಂಜು ಕರಗಿದ ಹಳ್ಳದ ನೀರು ತರಿಸಿಟ್ಟಿದ್ದ. ಅದನ್ನು ಸುರಿದರೂ ಅವಳು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಹಿಮದಲ್ಲಿ ಬಟ್ಟೆ ಒಗೆದ ಮೈ ಇದು," ಎಂದಳು. ದನಿಯಲ್ಲಿ ಹೆಮ್ಮೆಯೂ ಇತ್ತು, ಅಳುವೂ ಇತ್ತು.

"ಮೇಕೆಗಾದ್ರೂ ಬುದ್ಧಿ ಇರುತ್ತೆ, ನಡುಗುತ್ತೆ," ಎಂದ ಸಾಹ್ಣು.

ಅವಳು ಪಟ್ಟಿ ಬಿಚ್ಚೆಂದು ಕರ್ಮುವಿಗೆ ಸನ್ನೆ ಮಾಡಿದಳು. ಆಗ ಕೆಳಗಿನ ದೇವದಾರು ಕಾಡಿನಿಂದ ಬೆಚ್ಚನೆಯ ಗಾಳಿಯೊಂದು ಗುಡ್ಡ ಹತ್ತಿ ಬಂತು. ಹುಲ್ಲು ಬಾಗಿತು. ನೆಲದ ಮೇಲೆ ಮಲಗಿದ್ದ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಚರಚರನೆ ನಡುಗಿತು.

ಕುಚೋದ್ಯ ಮಾಡುತ್ತಿದ್ದ ಸಾಹ್ಣು ತಲೆಯ ಟೋಪಿ ತೆಗೆದು ಎದೆಗೊತ್ತಿಕೊಂಡ.

"ಹಾರೋದು ಆ ರೆಕ್ಕೆ. ಕೇಳ್ಬೇಕಾದ್ದೂ ಅದನ್ನೇ. ನಾಗ ಒಪ್ಪಿದಾನೆ, ಹೋಗು," ಎಂದ ಮೆಲ್ಲಗೆ.

ಬೆನ್ನಿಗಂಟಿ ನಿಂತ ಕರ್ಮುವಿನ ಜೊತೆ ನಾಲ್ಕು ಹೆಜ್ಜೆ ಓಡಿದ್ದಷ್ಟೇ, ಐದನೆಯದಕ್ಕೆ ನೆಲ ಸಿಗಲಿಲ್ಲ. ಸರ್ನೋ ಕಣ್ಣು ಬಿಟ್ಟಾಗ ದೇವದಾರುಗಳ ತುದಿ ಕಾಲ ಕೆಳಗಿತ್ತು. ಹುಟ್ಟಿದಂದಿನಿಂದ ಕತ್ತೆತ್ತಿ ನೋಡಿದ ಮರಗಳು ಕುರಿಯ ಬೆನ್ನಿನ ತುಪ್ಪಟದಂತೆ ಒತ್ತೊತ್ತಾಗಿ ಹಬ್ಬಿದ್ದವು. ರಣಹದ್ದೊಂದು ಪಕ್ಕದಲ್ಲೇ ರೆಕ್ಕೆ ಬಡಿಯದೆ ಸುತ್ತುತ್ತಾ, ನೆರೆಮನೆಯವಳನ್ನು ನೋಡುವಂತೆ ಇವಳನ್ನೊಮ್ಮೆ ನೋಡಿತು. ಸುತ್ತು ಸುತ್ತಿಗೂ ಗುಡ್ಡಗಳು ತಗ್ಗಿದವು. ಕಡೆಗೆ ಎದುರಿನ ಬೆಟ್ಟಸಾಲು ಬಾಗಿಲಿನಂತೆ ಸರಿದು, ಹಿಂದಿನದು ತೆರೆಯಿತು.

ಸಾಲು, ಅದರ ಹಿಂದೆ ಸಾಲು, ಅದರ ಹಿಂದೆ ಮತ್ತೂ. ಕರಿ ಬಂಡೆ, ನೀಲಿ ನೆರಳು, ಕಣ್ಣು ಕುಕ್ಕುವ ಬಿಳುಪು. ಮೊದಲ ಸಾಲನ್ನೇ ಥಮ್ಸರ್ ಎಂದುಕೊಂಡು ಅವಳು ಕೈ ತೋರಿಸಿದಳು.

"ಅದಲ್ಲ ಅತ್ತೆ. ಅಗೋ ಆ ಕೊನೇದು, ಬಿಳೀ ಕಚ್ಚು ಕಾಣುತ್ತಲ್ಲ, ಅದು."

"ಬಡಾ ಭಂಗಾಲ್?"

"ಅದು ಇಲ್ಲಿಂದ ಕಾಣಲ್ಲ. ಅದರಾಚೆ ಇನ್ನೂ ಇಳೀಬೇಕು."

ಆ ಬಿಳಿ ಕಚ್ಚಿನಿಂದ ಈಚೆಗೆ ಅವಳು ದಾರಿ ಹುಡುಕಿದಳು. ದಾರಿಯೆಂಬುದೇ ಇರಲಿಲ್ಲ. ಆದರೂ ಒಬ್ಬ ಮನುಷ್ಯ ಕುರಿಮರಿಗಳನ್ನು ಅಂಗಿಯೊಳಗಿಟ್ಟುಕೊಂಡು ಅಲ್ಲಿಂದ ನಡೆದು ಬರುತ್ತಿದ್ದ, ವರ್ಷ ವರ್ಷವೂ, ಅವಳ ಬೈಗುಳದ ಕಡೆಗೆ.

ಕೆಳಗೆ ಅವರಿಬ್ಬರು ಇಳಿದ ಚಹಾ ತೋಟದ ಪಕ್ಕದ ಬಯಲಿಗೆ ಸಾಹ್ಣು ಜೀಪಿನಲ್ಲಿ ಬಂದ. ದಾರಿಯುದ್ದಕ್ಕೂ ಚುಚ್ಚುಮಾತು ಕೂಡಿಸಿಕೊಂಡು ಬಂದಿದ್ದನೆಂದು ಕಾಣುತ್ತದೆ. ಏನ್ ಕಂಡೆಯೇ ಮುದುಕಿ, ಎಂದು ಶುರು ಮಾಡಿದ.

ಸರ್ನೋ ಅವನ ಮುಖವನ್ನು ಹೊಸಬನದೆಂಬಂತೆ ನೋಡುತ್ತಾ ನಿಂತಳು.

"ಅಷ್ಟು ದೂರದಿಂದ ನೀನು ಬೇಗ್ನೇ ಬರ್ತಿದ್ದೆ," ಎಂದಳು.

ಸಾಹ್ಣು ಜೀಪಿನ ಬಾಗಿಲು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ.