ಹಗಲು ಮಲಗುವ ಅಪ್ಪ

ಕಂಬಳಿಗೆ ತೂತುಗಳಿರುತ್ತವೆಂಬ ಸಂಗತಿ ರಾತ್ರಿ ಮಲಗುವ ಸಜ್ಜನರಿಗೆ ತಿಳಿಯುವುದೇ ಇಲ್ಲ. ಅದನ್ನು ಅರಿಯಬೇಕಾದರೆ ಬೆಳಗಿನ ಹತ್ತು ಗಂಟೆಗೆ ಕಿಟಕಿಯ ಎದುರು ಅಂಗಾತ ಮಲಗಿ, ಮುಖದ ಮೇಲೆ ಕಂಬಳಿ ಎಳೆದುಕೊಂಡು, ಒಳಗೆ ಕಣ್ಣು ಬಿಟ್ಟುಕೊಂಡಿರಬೇಕು. ಆಗ ನೇಯ್ಗೆಯ ಸಂದುಗಳಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಒಂದೊಂದಾಗಿ ಮೂಡಿ, ಗಳಿಗೆಯಲ್ಲಿ ನೂರಾರಾಗುತ್ತವೆ. ಹಾಡಹಗಲೇ ನಕ್ಷತ್ರ ಕಾಣಬೇಕಾದರೆ ಉಳಿದವರು ಯಾರ ಕೈಯಲ್ಲಾದರೂ ಏಟು ತಿನ್ನಬೇಕು. ನನಗೆ ಕಂಬಳಿಯೊಂದೇ ಸಾಕಾಗಿತ್ತು. ಈ ಖಗೋಳಶಾಸ್ತ್ರವನ್ನು ನಾನು ಕಡೂರಿನ ಒಂದು ಬಾಡಿಗೆ ಮನೆಯ ನಡುಕೋಣೆಯಲ್ಲಿ ಹನ್ನೊಂದು ವರ್ಷ ಅಭ್ಯಾಸ ಮಾಡಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರಾಗಿ ಸೇರಿದೆ. ಆಗಿನ ಫೋನುಗಳಿಗೆ ಸ್ವಂತ ಬುದ್ಧಿಯಿರಲಿಲ್ಲ. ಕೊಬ್ಬರಿ ಮಂಡಿಯವರು ಅರಸೀಕೆರೆಯ ಜೊತೆ ಮಾತನಾಡಬೇಕೆಂದರೂ ಡಾಕ್ಟರು ಚಿಕ್ಕಮಗಳೂರಿನ ಜೊತೆ ಮಾತನಾಡಬೇಕೆಂದರೂ ನನ್ನಂಥವನೊಬ್ಬ ಬೋರ್ಡಿನ ಮುಂದೆ ಕುಳಿತು ಇಲ್ಲಿನ ವೈರನ್ನು ಅಲ್ಲಿಗೆ ಸಿಕ್ಕಿಸಬೇಕಿತ್ತು. ನೈಟ್ ಡ್ಯೂಟಿಯೆಂದರೆ ಸಹೋದ್ಯೋಗಿಗಳೆಲ್ಲ ಹೆಂಡತಿಯ ಕಾಯಿಲೆಯನ್ನೋ ತಾಯಿಯ ವೃದ್ಧಾಪ್ಯವನ್ನೋ ಮುಂದೊಡ್ಡುತ್ತಿದ್ದಾಗ ನಾನು ಅದನ್ನು ಕೇಳಿ ಪಡೆದೆ. ವಿಚಾರಿಸಿದವರಿಗೆ ಕರ್ತವ್ಯನಿಷ್ಠೆ ಎನ್ನುತ್ತಿದ್ದೆ. ರಾತ್ರಿ ಹನ್ನೊಂದಾದ ಮೇಲೆ ಊರಿಗೆ ಊರೇ ಬಾಯಿ ಮುಚ್ಚಿಕೊಳ್ಳುವುದರಿಂದ ಲೈಬ್ರರಿಯ ಪುಸ್ತಕಗಳನ್ನು ಸರ್ಕಾರದ ದೀಪದಲ್ಲಿ ಓದಬಹುದೆಂಬ ದುರಾಸೆಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಓದುಗ ಮಹಾಶಯರೇ, ಹಗಲಿನ ನಿದ್ರೆಯನ್ನು ನೀವು ಭೋಜನಾನಂತರದ ತೂಕಡಿಕೆ ಎಂದು ತಿಳಿದಿದ್ದರೆ ನಿಮ್ಮ ಅನುಭವ ಇನ್ನೂ ಹಸಿಯಾಗಿದೆ. ರಾತ್ರಿಯ ನಿದ್ರೆಗೆ ಜಗತ್ತೆಲ್ಲ ಸಹಕರಿಸುತ್ತದೆ. ಹಗಲಿನ ನಿದ್ರೆಯನ್ನು ಜಗತ್ತಿನಿಂದ ಕದಿಯಬೇಕು. ಕಣ್ಣನ್ನು ಮುಚ್ಚಬಹುದು, ಕಿವಿಗೆ ರೆಪ್ಪೆಯನ್ನು ಬ್ರಹ್ಮ ಕರುಣಿಸಿಲ್ಲ. ಹೀಗಾಗಿ ನಾನು ನಮ್ಮ ಬೀದಿಯನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಕೇಳಿ ಬಲ್ಲೆ. ಸೊಪ್ಪಿನವಳು ಕೂಗಿದರೆ ಒಂಬತ್ತು, ಶಾಲೆಯ ಗಂಟೆಯಾದರೆ ಹತ್ತೂವರೆ, ಎದುರು ಮನೆಯ ಬಾವಿಯ ರಾಟೆ ಕಿರುಗುಟ್ಟಿದರೆ ಹನ್ನೊಂದು. ನಿದ್ದೆಯಲ್ಲಿದ್ದೂ ಇದೆಲ್ಲ ನನಗೆ ತಿಳಿಯುತ್ತಿತ್ತೆಂದರೆ, ಮಲಗಿದ್ದವನು ಯಾರು, ಕೇಳಿಸಿಕೊಂಡವನು ಯಾರು? ಈ ಪ್ರಶ್ನೆಯನ್ನು ಬಹಳ ಸಲ ಬೆನ್ನು ಹತ್ತಿದ್ದೇನೆ. ಉತ್ತರ ಹತ್ತಿರ ಬಂತೆನ್ನುವಷ್ಟರಲ್ಲಿ ನಿದ್ದೆ ಬಂದುಬಿಡುತ್ತಿತ್ತು.

ಯಗಟಿಯಿಂದ ನಮ್ಮ ಅಪ್ಪ ಒಂದು ಸಲ ಬೆಳಗಿನ ಬಸ್ಸಿಗೆ ರಾಗಿ ಮೂಟೆ ಹಾಕಿಕೊಂಡು ಬಂದವನು, ಬಿಸಿಲೇರಿದ ಹೊತ್ತಿನಲ್ಲಿ ಮಗ ಗೋಡೆಯ ಕಡೆ ಮುಖ ಮಾಡಿ ಬಿದ್ದಿರುವುದನ್ನು ಕಂಡು, ಹಣೆ ಮುಟ್ಟಿ, ನನ್ನ ಹೆಂಡತಿ ಗಿರಿಜೆಯನ್ನು, "ಏನವ್ವಾ, ಇವ್ನಿಗೆ ಜ್ವರಾನಾ?" ಎಂದು ಕೇಳಿದನಂತೆ. ಜ್ವರವಲ್ಲ, ನೌಕರಿ ಎಂದು ಅವಳು ಬಿಡಿಸಿ ಹೇಳಿದ ಮೇಲೆ ಅರ್ಧ ಗಳಿಗೆ ಯೋಚಿಸಿ, "ಹಂಗಾದ್ರೆ ಕುರಿ ಕಾಯೋರ ಕೆಲ್ಸಾನೇ ಬಿಡು. ರಾತ್ರಿ ಹಟ್ಟಿ ಕಾಯೋರೂ ಹಗಲೊತ್ತು ಹಿಂಗೇ ಮರದಡಿ ಬಿದ್ದಿರ್ತಾರೆ" ಎಂದು ಸಮಾಧಾನಪಟ್ಟ. ಎಸ್.ಎಸ್.ಎಲ್.ಸಿ. ಪಾಸು ಮಾಡಿದ ಮಗ ಕೊನೆಗೂ ಕುಲಕಸುಬಿಗೇ ಬಂದನೆಂಬ ಅಭಿಪ್ರಾಯ ಆ ಮಾತಿನಲ್ಲಿತ್ತು. ಮುಂದಿನ ಸಲ ಬರುವಾಗ ಊರಿನಲ್ಲಿ ನೇಯಿಸಿದ ಕರಿ ಕಂಬಳಿ ತಂದುಕೊಟ್ಟ. ಮೇಲೆ ಹೇಳಿದ ನಕ್ಷತ್ರಮಂಡಲ ಅದೇ.

ಅಜ್ಜಂಪುರದ ಮಾವನ ಮನೆಯಲ್ಲಿ ನನ್ನ ಕೀರ್ತಿ ಬೇರೆ ಬಗೆಯದು. ಡ್ಯೂಟಿ ಮುಗಿಸಿ ನೇರವಾಗಿ ಬೆಳಗಿನ ರೈಲು ಹತ್ತುತ್ತಿದ್ದೆ. ಬೀರೂರು ದಾಟುವಷ್ಟರಲ್ಲಿ ಕಿಟಕಿಯ ಗಾಳಿಗೆ ಕಣ್ಣು ಹತ್ತಿ, ಅಜ್ಜಂಪುರ ಬಂದುಹೋದದ್ದು ತಿಳಿಯದೆ, ಮುಂದಿನ ಶಿವನಿ ಸ್ಟೇಷನ್ನಿನಲ್ಲಿ ಯಾರೋ ಪುಣ್ಯಾತ್ಮರು ತಟ್ಟಿ ಎಬ್ಬಿಸುತ್ತಿದ್ದರು. ಅಲ್ಲಿಂದ ಬಸ್ಸು ಹಿಡಿದು ಹಿಂದಕ್ಕೆ ಬರಬೇಕು. ಇದು ನಾಲ್ಕೈದು ಸಲ ನಡೆದ ಮೇಲೆ ಮಾವನವರು ರೈಲಿನ ಹೊತ್ತಿಗೆ ಆಳನ್ನು ಕಳಿಸುವುದನ್ನೇ ನಿಲ್ಲಿಸಿಬಿಟ್ಟರು. ಅಂಗಡಿಯಲ್ಲಿ ಯಾರಾದರೂ ಕೇಳಿದರೆ, "ನಮ್ಮ ಅಳಿಯಂದ್ರು ಶಿವನಿ ಮೇಲಿಂದ ಬತ್ತಾರೆ ಕಣ್ರೀ, ಬಸ್ಸಿಗೆ" ಎನ್ನುತ್ತಿದ್ದರಂತೆ. ಬಂದ ಅಳಿಯ ಒಬ್ಬಟ್ಟಿನ ಎಲೆಯ ಮುಂದೆ ತೂಕಡಿಸಿ, ಮನೆಯವರೆಲ್ಲ ಮಲಗಿದ ಮೇಲೆ ಚುರುಕಾಗುತ್ತಿದ್ದ. ಆ ಮನೆಯವರು ನನ್ನನ್ನು ಒಮ್ಮೆಯಾದರೂ ಪೂರ್ತಿ ಎಚ್ಚರವಾಗಿ ನೋಡಿದ್ದಾರೆಯೇ ಎಂಬುದು ನನಗೆ ಇಂದಿಗೂ ಅನುಮಾನ.

ಇಷ್ಟು ಹೊತ್ತು ನಗೆಯಾಡಿದೆ. ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ನನ್ನ ನಿದ್ದೆಯನ್ನು ಕಾಯುವ ಭಾರ ಗಿರಿಜೆಯದು, ಅವಳಿಂದ ಅದು ಬೀದಿಗೆಲ್ಲ ಹಬ್ಬಿತು. ಪಕ್ಕದ ಮನೆಯ ರುದ್ರಮ್ಮನವರು ಖಾರ ಕುಟ್ಟುವುದನ್ನು ಮೂರು ಗಂಟೆಯ ಮೇಲಕ್ಕೆ ಹಾಕಿಕೊಂಡರು. ಕಲಾಯಿ ಹಾಕುವವನು ಎರಡು ಮನೆ ಈಚೆಯವರೆಗೆ ಗಂಟಲು ಹರಿಯುವಂತೆ ಕೂಗಿ ಬಂದು, ನಮ್ಮ ಬಾಗಿಲಲ್ಲಿ ಬೆಕ್ಕಿನ ಹೆಜ್ಜೆ ಇಟ್ಟು ದಾಟಿ, ಎರಡು ಮನೆ ಆಚೆಗೆ ಮತ್ತೆ ಬಾಯಿ ತೆರೆಯುತ್ತಿದ್ದ. "ಉಶ್, ಸಾಹೇಬ್ರು ಮಲಗವ್ರೆ" ಎಂಬುದು ನಮ್ಮ ಬೀದಿಯ ನಿತ್ಯಮಂತ್ರವಾಯಿತು. ಇಂಥ ಮನೆಯಲ್ಲಿ ನಮ್ಮ ಮಗಳು ಹುಟ್ಟಿದಳು, ಇಂಥ ಮನೆಯಲ್ಲಿ ಮಾತು ಕಲಿತಳು.

ಅವಳ ಹೆಸರು ಗೌರಿ. ಬೇರೆ ಮನೆಗಳ ಮಕ್ಕಳು "ಅಮ್ಮ" ಎಂದೋ "ಅತ್ತೆ" ಎಂದೋ ತೊದಲಿದರೆ ಇವಳು ಮೊದಲು ಕಲಿತದ್ದು ತುಟಿಯ ಮೇಲೆ ಬೆರಳಿಟ್ಟು "ಉಶ್" ಎನ್ನುವುದನ್ನು. ನಮಗೆಲ್ಲ ಅದು ದೊಡ್ಡ ತಮಾಷೆ. ಬಂದವರ ಮುಂದೆ ಮಾಡಿಸಿ ನಗುತ್ತಿದ್ದೆವು. ಅವಳು ಅಳುವಾಗಲೂ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳೆಂದು ಗಿರಿಜೆ ಹೆಮ್ಮೆಯಿಂದ ಹೇಳಿಕೊಂಡದ್ದುಂಟು. ನಾನೂ ಹೆಮ್ಮೆಪಟ್ಟಿದ್ದೆ. ಈಗ ಆ ಹೆಮ್ಮೆಯನ್ನು ನೆನೆದರೆ ನಾಚಿಕೆಯಾಗುತ್ತದೆ.

ಗೌರಿ ಮೂರನೆಯ ಕ್ಲಾಸಿಗೆ ಬಂದ ವರ್ಷ ತರೀಕೆರೆ ಕಡೆಯಿಂದ ಹೊಸದಾಗಿ ಬಂದಿದ್ದ ಟೀಚರು ನನ್ನನ್ನು ಕರೆಸಿದರು. ನಾಲ್ಕು ಗಂಟೆಗೆ, ಅಂದರೆ ನನ್ನ ಬೆಳಗಿನ ಜಾವಕ್ಕೆ, ಕಣ್ಣುಜ್ಜಿಕೊಳ್ಳುತ್ತ ಹೋದೆ. "ಮಗು ಜಾಣೆ ಕಣ್ರೀ. ಬರೆಯೋದ್ರಲ್ಲಿ ಮುಂದಿದ್ದಾಳೆ. ಆದ್ರೆ ಎಬ್ಬಿಸಿ ನಿಲ್ಲಿಸಿ ಕೇಳಿದ್ರೆ ಮಾತು ಗಂಟಲಿಂದ ಈಚೆಗೆ ಬರಲ್ಲ. ಮಕ್ಕಳು ಮೂಗಿ ಅಂತ ಆಡ್ಕೋತವೆ. ಮನೇಲಿ ಯಾರಾದ್ರೂ ಹೆದರಿಸ್ತೀರಾ?" ಎಂದರು. ಯಾರೂ ಹೆದರಿಸುವುದಿಲ್ಲವೆಂದೆ. ಮನೆಗೆ ಬರುವ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ: ನನ್ನ ಮಗಳು ನನ್ನೊಡನೆ ದೊಡ್ಡ ದನಿಯಲ್ಲಿ ಮಾತನಾಡಿದ್ದು ಯಾವಾಗ? ಒಂದು ಸಲವೂ ನೆನಪಾಗಲಿಲ್ಲ. ಊರಿನ ಅಷ್ಟೂ ಜನರ ಮಾತನ್ನು ಕಿವಿಗೆ ಹಚ್ಚಿಕೊಂಡು ಕುಳಿತಿದ್ದವನಿಗೆ ತನ್ನ ಮಗಳ ದನಿ ಹೇಗಿದೆಯೆಂಬುದೇ ಗೊತ್ತಿರಲಿಲ್ಲ.

ಅಂದಿನಿಂದ ಅವಳನ್ನು ಮಾತಿಗೆಳೆಯುವ ಪ್ರಯತ್ನ ಶುರುವಾಯಿತು. ಆಗಿನ ಕಾಲದ ಅಪ್ಪಂದಿರಿಗೆ ಮಕ್ಕಳೊಡನೆ ಮಾತನಾಡುವುದೆಂದರೆ ಮಗ್ಗಿ ಕೇಳುವುದು. ನಾನೂ ಅದನ್ನೇ ಮಾಡಿದೆ. ಸಂಜೆ ಕಾಫಿ ಲೋಟ ಹಿಡಿದು "ಎಲ್ಲಿ, ಏಳರ ಮಗ್ಗಿ ಹೇಳು" ಎಂದರೆ ಗೌರಿ ಕಾಲಿನ ಹೆಬ್ಬೆರಳನ್ನು ನೋಡುತ್ತ, ನನಗೆ ಕೇಳಿಸದಂತೆ ಏನೋ ಪಿಸುಗುಟ್ಟಿ, ಅಡುಗೆಮನೆಗೆ ಓಡುತ್ತಿದ್ದಳು. "ಗಟ್ಟಿಯಾಗಿ ಹೇಳು" ಎಂದು ನಾನು ಗಟ್ಟಿಯಾಗಿ ಹೇಳಿದಷ್ಟೂ ಅವಳ ದನಿ ಇಳಿಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ, ಶಾಲೆಯಿಂದ ಊಟಕ್ಕೆ ಬಿಡುವ ಹೊತ್ತಿನಲ್ಲಿ, ನನಗೆ ಅರ್ಧ ಎಚ್ಚರವಾಯಿತು. ತಲೆದೆಸೆಯಲ್ಲಿ ಯಾರೋ ಕುಳಿತಂತಿತ್ತು. ಕಂಬಳಿಯ ತೂತಿನಿಂದ ನೋಡಿದರೆ ಗೌರಿ. ಮೊಣಕಾಲಿನ ಮೇಲೆ ಗಲ್ಲವೂರಿ, ನನ್ನ ತಲೆಯ ಕಡೆ ಬಗ್ಗಿ, ಪಿಸುದನಿಯಲ್ಲಿ, ಆದರೆ ತಡವರಿಸದೆ, ಅಂದಿನ ಶಾಲೆಯ ವರದಿ ಒಪ್ಪಿಸುತ್ತಿದ್ದಳು. ಪಕ್ಕದ ಹುಡುಗಿ ಬಳಪ ತಿಂದದ್ದು, ಟೀಚರ ಜಡೆ ಬಿಚ್ಚಿಹೋದದ್ದು, ತನ್ನನ್ನು ಮೂಗಿ ಎಂದವನ ಬೆಂಚಿನ ಮೇಲೆ ತಾನು ಶಾಯಿ ಚೆಲ್ಲಿದ್ದು, ಅದು ಇನ್ನೂ ಯಾರಿಗೂ ಗೊತ್ತಾಗದೆ ಇರುವುದು. ಹತ್ತು ನಿಮಿಷ ಮಾತನಾಡಿ, ಕಂಬಳಿಯ ಅಂಚನ್ನು ಸರಿಮಾಡಿ, ಎದ್ದು ಹೋದಳು. ಸಂಜೆ ಗಿರಿಜೆಯನ್ನು ಕೇಳಿದರೆ, "ಅಯ್ಯೋ, ಅವ್ಳು ದಿನಾ ಕೂತ್ಕಂಡು ಹೇಳ್ತಾಳೆ. ನಿಮ್ಗೆ ಈಗ ಗೊತ್ತಾಯ್ತಾ?" ಎಂದಳು.

ಆಮೇಲಿನ ಎರಡು ತಿಂಗಳು ನಾನು ನಿದ್ದೆಗೆಟ್ಟು ನಿದ್ದೆಯ ನಟನೆ ಮಾಡಿದೆ. ಹನ್ನೆರಡೂವರೆಗೆ ತಾನಾಗಿಯೇ ಎಚ್ಚರವಾಗುವುದನ್ನು ರೂಢಿಸಿಕೊಂಡೆ. ಮಲಗಿದವನ ಹಾಗೆ ಉಸಿರಾಡುವುದು ಎಂಥ ಸೂಕ್ಷ್ಮ ವಿದ್ಯೆಯೆಂಬುದು ಆಗ ತಿಳಿಯಿತು. ಒಂದು ಕುತೂಹಲವಂತೂ ಬಿಡಲೇ ಇಲ್ಲ: ಎಚ್ಚರವಿರುವ ಅಪ್ಪನಲ್ಲಿ ಇಲ್ಲದ ಯಾವ ಗುಣವನ್ನು ಈ ಮಗು ಮಲಗಿದ ಅಪ್ಪನಲ್ಲಿ ಕಂಡಿದೆ? ಉತ್ತರ ಸುಲಭವಾಗಿತ್ತು, ಒಪ್ಪಿಕೊಳ್ಳುವುದು ಕಷ್ಟವಾಗಿತ್ತು. ಮಲಗಿದವನು ನಡುವೆ ಬಾಯಿ ಹಾಕುವುದಿಲ್ಲ, ತಿದ್ದುವುದಿಲ್ಲ, ಗಟ್ಟಿಯಾಗಿ ಹೇಳೆನ್ನುವುದಿಲ್ಲ.

ಅಷ್ಟು ತಿಳಿದೂ ಕೆಡಿಸಿದೆ. ಒಂದು ದಿನ ಗೌರಿ ವರದಿಯೆಲ್ಲ ಮುಗಿದ ಮೇಲೆ, ಯಾರೂ ಕೇಳದಿದ್ದರೂ, ತಾನಾಗಿಯೇ ಏಳರ ಮಗ್ಗಿ ಶುರುಮಾಡಿದಳು. ನನ್ನ ಎದೆ ಹಿಗ್ಗಿತು. ಏಳೇಳ್ಲ ನಲವತ್ತೊಂಬತ್ತರವರೆಗೆ ಸಲೀಸಾಗಿ ಬಂದವಳು "ಏಳೆಂಟ್ಲ ಐವತ್ನಾಕು" ಎಂದಳು. ಕಂಬಳಿಯೊಳಗಿನಿಂದ "ಐವತ್ತಾರು" ಎಂಬ ಶಬ್ದ ಹೊರಟಿತು. ಹೇಳಿದವನು ನಾನೇ ಎಂದು ತಿಳಿಯುವಷ್ಟರಲ್ಲಿ ತಲೆದೆಸೆ ಖಾಲಿಯಾಗಿತ್ತು. ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಒಂದು ತಿಂಗಳು ನಾನು ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡು ಕಾದೆ. ಅವಳು ಅಡುಗೆಮನೆಯಲ್ಲಿ ಉಂಡು, ನಡುಕೋಣೆಯನ್ನು ತುದಿಗಾಲಿನಲ್ಲಿ ದಾಟಿ ಶಾಲೆಗೆ ಹೋಗಿಬಿಡುತ್ತಿದ್ದಳು. ಅಷ್ಟು ದುಃಖ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

ಕೊನೆಗೆ ಡೇ ಡ್ಯೂಟಿ ಬೇಡಿಕೊಂಡು ಅರ್ಜಿ ಬರೆದೆ. ಎಂಬತ್ತರ ದಶಕ ಕಾಲಿಟ್ಟು ಒಂದೆರಡು ವರ್ಷವಾಗಿತ್ತು. ಅಪ್ಪ ಎಚ್ಚರವಾಗಿ ಓಡಾಡುವ ಮನೆಯಲ್ಲಿ ಮಗು ತಾನಾಗಿ ದನಿಯೆತ್ತುತ್ತದೆ ಎಂಬುದು ನನ್ನ ತರ್ಕ. ರಾತ್ರಿ ಮಲಗುವುದನ್ನು ನಾನು ಹೊಸದಾಗಿ ಕಲಿಯಬೇಕಾಯಿತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ನಾನು ಹತ್ತು ಗಂಟೆಗೆ ದೀಪ ಆರಿಸಿ, ಸಂತೆಯೂ ಇಲ್ಲದೆ ನಿದ್ದೆಯೂ ಇಲ್ಲದೆ ಜಂತಿ ಎಣಿಸುತ್ತಿದ್ದೆ. ಮಧ್ಯಾಹ್ನ ಬೋರ್ಡಿನ ಮುಂದೆ ತೂಕಡಿಸಿ, ಕೊಬ್ಬರಿ ಮಂಡಿಯವರಿಗೆ ಕೊಡಬೇಕಾದ ಲೈನನ್ನು ಪಶುವೈದ್ಯರಿಗೆ ಕೊಟ್ಟು ಬೈಸಿಕೊಂಡೆ. ಇತ್ತ ರುದ್ರಮ್ಮನವರು ಯಾವ ಹೊತ್ತಿನಲ್ಲಿ ಬೇಕಾದರೂ ಖಾರ ಕುಟ್ಟಿದರು, ಕಲಾಯಿಯವನು ನಮ್ಮ ಬಾಗಿಲಲ್ಲೇ ನಿಂತು ಕೂಗಿದ. ಬೀದಿಯೆಲ್ಲ ಬಾಯಿ ಬಿಟ್ಟಿತು, ಗೌರಿಯೊಬ್ಬಳನ್ನು ಬಿಟ್ಟು. ಈಗ ಅವಳಿಗೆ ಪಿಸುಗುಟ್ಟುವುದಕ್ಕೂ ಮಲಗಿದ ಅಪ್ಪ ಇರಲಿಲ್ಲ. ನಾನು ಅದನ್ನೂ ಕಸಿದುಕೊಂಡೆನೇ ಎಂದು ಎಷ್ಟೋ ರಾತ್ರಿ ಕೊರಗಿದೆ.

ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಮೈಯೆಲ್ಲ ಎಚ್ಚರವಾಗಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಪೇಪರ್ ಓದುತ್ತಿದ್ದೆ. ಹಿತ್ತಿಲಲ್ಲಿ ಗಿರಿಜೆ ಒರಳಲ್ಲಿ ದೋಸೆಹಿಟ್ಟು ರುಬ್ಬುತ್ತಿದ್ದಳು. ಗೌರಿ ನಡುಬಾಗಿಲಿಗೆ ಬಂದು ನಿಂತಳು, ಒಳಗೆ ಹೋದಳು, ಮತ್ತೆ ಬಂದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಅಷ್ಟು ಬುದ್ಧಿ ಬಂದಿತ್ತು. ರುಬ್ಬುಗುಂಡಿನ ಸದ್ದನ್ನೂ ಮೀರಿಸುವ ಒಂದು ದನಿ, ನಾನು ಎಂದೂ ಕೇಳದಿದ್ದ ದನಿ, ಸ್ವಲ್ಪ ಒರಟಾಗಿ, ಥೇಟ್ ನಮ್ಮ ಅಪ್ಪನ ದನಿಯ ಹಾಗೆ, ಬಾಗಿಲಿನಿಂದ ಬಂತು:

"ಅಪ್ಪಾ, ಸ್ವಲ್ಪ ಹೊತ್ತು ಮಲಕ್ಕೋ. ನಿಂಗೊಂದ್ ವಿಷ್ಯ ಹೇಳ್ಬೇಕು!"

ಒರಳಿನ ಸದ್ದು ನಿಂತಿತು. ಗೋಡೆಯಾಚೆ ರುದ್ರಮ್ಮನವರ ಒನಕೆಯೂ ನಿಂತಿತೆಂದು ಕಾಣುತ್ತದೆ. ನಾನು ಪೇಪರ್ ಮಡಚಿಟ್ಟು, ಚಾಪೆ ಹಾಸಿ, ಅಂಗಾತ ಮಲಗಿ ಕಣ್ಣು ಮುಚ್ಚಿದೆ. ತಲೆದೆಸೆಯಲ್ಲಿ ಅವಳು ಬಂದು ಕುಳಿತಳು.

"ನಿದ್ದೆ ಬಂತಾ?"

"ಬಂತು ಕಣವ್ವಾ."

"ಹಂಗಾದ್ರೆ ಕೇಳು."