ಹಂಡೆ ಒಲೆಯ ಪಕ್ಕದ ಸುಗಂಧರಾಜ

ನನ್ನ ಮದುವೆಯಾದದ್ದು ಅರವತ್ತರ ದಶಕದ ಆರಂಭದಲ್ಲಿ. ಹೆಂಡತಿ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯವಳು. ಯುಗಾದಿಗೆ ತವರಿಗೆ ಹೋದವಳು ಚನ್ನರಾಯಪಟ್ಟಣದ ನಮ್ಮ ಮನೆಗೆ ಹಿಂತಿರುಗುವಾಗ ಹಳೆಯ ಪಂಚೆಯ ತುಂಡಿನಲ್ಲಿ ಸುಗಂಧರಾಜದ ಗಡ್ಡೆಗಳನ್ನು ಕಟ್ಟಿಕೊಂಡು ಬಂದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು ಅವನ್ನು ಸಣ್ಣ ಈರುಳ್ಳಿ ಎಂದುಕೊಂಡು ರೇಟು ಕೇಳಿದಳಂತೆ.

ಮನೆಯಲ್ಲಿ ಅಜ್ಜಿ ತಡೆದರು. ಅವರು ನನ್ನ ತಂದೆಯ ತಾಯಿ. ಮನೆಯ ಯಜಮಾನಿಕೆ ಅವರದೇ. ಘಮ್ಮೆನ್ನುವ ಹೂವಿಗೆ ಹಾವು ಬರುತ್ತದೆ ಎಂಬ ವಿಷಯದಲ್ಲಿ ಆಗ ನಮ್ಮ ಕಡೆ ಹೆಚ್ಚು ಜನರಿಗೆ ಅನುಮಾನವಿರಲಿಲ್ಲ. ಕೇದಿಗೆ, ರಾತ್ರಿರಾಣಿ, ಸುಗಂಧರಾಜ ಯಾವುದಕ್ಕೂ ಮನೆಯ ಹತ್ತಿರ ಜಾಗವಿಲ್ಲ.

"ಇತ್ತಲ ಬೇಲಿ ಮಗ್ಗುಲಿಗೆ ಆಕ್ಕೊ ಓಗು. ಒಳಿಕ್ಕೆ ತಂದ್ಯೋ, ತಿಪ್ಪೆಗೆ ಎಸ್ದುಬುಡ್ತೀನಿ."

"ನಮ್ಮೂರಲ್ಲಿ ಜಗಲಿ ಪಕ್ಕದಲ್ಲೇ ಐತೆ ಅಜ್ಜಿ. ಒಂದ್ ಆವೂ ಬಂದಿಲ್ಲ."

"ನಿಮ್ಮೂರ ಆವಿಗೆ ನೆಗಡಿ ಆಗಿರ್ಬೇಕು ಕಣವ್ವ."

ಬೇಲಿಯ ಪಕ್ಕದಲ್ಲೇ ನೆಟ್ಟಳು. ಮಳೆಗಾಲದಲ್ಲಿ ಚೆನ್ನಾಗಿ ಹೂ ಬಿಟ್ಟವು. ದೀಪಾವಳಿ ಕಳೆದು ಚಳಿ ಶುರುವಾದ ಮೇಲೆ ಹೂವಿನ ಹೊಸ ಕಡ್ಡಿ ಬರುವುದು ನಿಂತಿತು. ಅವಳ ತವರಿನಲ್ಲಿ ಅದಕ್ಕೊಂದು ಉಪಾಯವಿತ್ತು. ಬುಡಕ್ಕೆ ತೂತು ಹೊಡೆದ ಸೀಮೆಎಣ್ಣೆ ಡಬ್ಬದಲ್ಲಿ ಮಣ್ಣಿನ ಹೆಂಟೆ ಸಮೇತ ಗಿಡದ ಬುಡ ಕೂರಿಸಿ, ಹಗಲು ಅಂಗಳದ ಬಿಸಿಲಿಗೆ, ಸಂಜೆಗೆ ಬಚ್ಚಲುಮನೆಯ ಹಂಡೆ ಒಲೆಯ ಪಕ್ಕಕ್ಕೆ. ಒಲೆಯ ಗೋಡೆಯ ಬಿಸಿಗೆ ಗಡ್ಡೆ ಮೋಸಹೋಗುತ್ತದೆ. ಧನುರ್ಮಾಸದಲ್ಲಿ ಅವಳ ತಾಯಿಯ ಮನೆಯಲ್ಲಿ ಹೂವು ತಪ್ಪುತ್ತಿರಲಿಲ್ಲ. ಇಲ್ಲಿಯೂ ತಪ್ಪಬಾರದು ಎಂಬುದು ಅವಳ ಹಟ. ಆಗದಿದ್ದರೆ ಗಡ್ಡೆಗಳನ್ನು ತವರಿಗೇ ಕೊಟ್ಟುಬರುತ್ತೇನೆ, ಈ ಮನೆಯಲ್ಲಿ ಇನ್ನೇನೂ ನೆಡುವುದಿಲ್ಲ ಎಂದು ನನಗೆ ಹೇಳಿದ್ದಳು.

ಚಳಿಯಲ್ಲಿ ಹಾವು ಬಿಲ ಬಿಟ್ಟು ಬರುವುದಿಲ್ಲ ಎಂದು ಅಜ್ಜಿಯ ಮುಂದೆ ವಾದ ಹೂಡಿದಳು. ಅಜ್ಜಿ ಅರೆಮನಸ್ಸಿನಿಂದ ಒಪ್ಪಿದರು.

"ಒಂದೇ ಒಂದ್ ಆವು ಕಾಣಿಸ್ಲಿ, ಅವತ್ತೇ ತಿಪ್ಪೆಗೆ."

ಸಂಕ್ರಾಂತಿಗೆ ಮುಂಚೆ ಕಡ್ಡಿ ಎದ್ದಿತು. ಕೆಳಗಿನ ಎರಡು ಮೊಗ್ಗು ಬಿರಿದ ದಿನ ಬಚ್ಚಲುಮನೆಯ ಹೊಗೆ, ಸೀಗೆಪುಡಿಯ ವಾಸನೆಗಳ ನಡುವೆ ಇದರ ಘಮವೂ ಸೇರಿಕೊಂಡಿತು. ಅಜ್ಜಿಯ ಸ್ನಾನ ದಿನದಿಂದ ದಿನಕ್ಕೆ ಉದ್ದವಾಯಿತು. ನನ್ನ ತಾಯಿ ಬಾಗಿಲಾಚೆ ನಿಂತು, "ಅತ್ತೆ, ಅಂಡೆ ನೀರೆಲ್ಲ ಮುಗೀತೇನೋ, ನಮ್ಗೂ ಒಂದ್ ಚೆಂಬು ಉಳ್ಸಿ" ಎಂದು ಛೇಡಿಸುತ್ತಿದ್ದರು.

ಆ ವಾರದಲ್ಲೇ ಒಂದು ಬೆಳಗ್ಗೆ ತಾಯಿ ಒಲೆಗೆ ತೆಂಗಿನ ಸಿಪ್ಪೆ ತೆಗೆಯಲು ಬಚ್ಚಲುಮನೆಯ ಮೂಲೆಯಲ್ಲಿದ್ದ ರಾಶಿಗೆ ಕೈ ಹಾಕಿದರು. ಒಳಗಿನಿಂದ ಮಾರುದ್ದದ ಹಾವು ಸರಿದು ಬಂತು. ಅವರು ಕಿರುಚಿದ್ದಕ್ಕೆ ನಾನು ಕೋಲು ಹಿಡಿದು ಓಡಿದೆ. ಕೋಲು ಎತ್ತುವಷ್ಟರಲ್ಲಿ ಅದು ನನ್ನ ಕಣ್ಣೆದುರೇ ಬಚ್ಚಲ ನೀರು ಹೋಗುವ ಕಿಂಡಿಯಿಂದ ಹೊರಟುಹೋಯಿತು. ಹೆಂಡತಿ ಯಾರ ಮುಖವನ್ನೂ ನೋಡಲಿಲ್ಲ. ಡಬ್ಬವನ್ನು ತಾನೇ ಎತ್ತಿಕೊಂಡು ತಿಪ್ಪೆಯ ಕಡೆ ಹೊರಟಳು.

ಅಂಗಳದಲ್ಲಿ ಅಜ್ಜಿ ಅಡ್ಡ ನಿಂತು ನನ್ನನ್ನು ಕೇಳಿದರು: "ಯೆಂಗಿತ್ಲಾ? ಎಡೆ ಎತ್ತಿತ್ತಾ?"

"ಇಲ್ಲಜ್ಜಿ. ಉದ್ದಕ್ಕೆ, ಅಳದಿ ಬಣ್ಣ."

"ಕೇರೆ ಕಣ್ಲಾ ಅದು. ಊವಿಗೆ ಬರೋದು ನಾಗ್ರಾವು. ಕೇರೆ ಬರೋದು ಇಲಿಗೆ. ಒಳಗೆ ಸಿಪ್ಪೆ ಗುಡ್ಡೆ ಆಕಿ ಇಲಿ ಸಾಕ್ದೋರು ಯಾರು?"

"ಒಣಗ್ಲಿ ಅಂತ ನೀವೇ ಅಲ್ವಾ ಆಕ್ಸಿದ್ದು?" ಎಂದರು ತಾಯಿ.

ಅದು ಅಜ್ಜಿಯ ಕಿವಿಗೆ ಬೀಳಲಿಲ್ಲ. ಹೆಂಡತಿಯ ಕಡೆ ತಿರುಗಿ, "ನೀನ್ಯಾಕೆ ಡಬ್ಬ ಒತ್ಕಂಡು ನಿಂತಿದ್ದೀಯೆ? ಮಡ್ಗು ಒಳಿಕ್ಕೆ. ಕಡ್ಡಿ ಮುರಿದೀತು" ಎಂದರು.

ಮಧ್ಯಾಹ್ನದವರೆಗೆ ನಾನು ಸಿಪ್ಪೆ ಹೊತ್ತು ಹಿತ್ತಲಿಗೆ ಸಾಗಿಸಿದೆ. ಕೊನೆಯ ಮಂಕರಿ ತುಂಬಿಕೊಳ್ಳಲು ಬಂದಾಗ, ಖಾಲಿಯಾದ ಮೂಲೆಯಲ್ಲಿ ಹೆಂಡತಿ ಗೋಡೆಯುದ್ದಕ್ಕೂ ಗೇಣು ಹಾಕುತ್ತಿದ್ದಳು. ಇನ್ನೂ ಎರಡು ಡಬ್ಬ ಹಿಡಿಯುತ್ತವೆ ಎಂದಳು.