ಒಂದು ಕಾಫಿಗೆ ಒಂದು ಲೋಟ

ಐವತ್ತರ ದಶಕದಲ್ಲಿ ಬಾವಿ ನೀರಿನ ಪರೀಕ್ಷೆಗೆಂದು ಅಮೆರಿಕದಿಂದ ಬಂದಿದ್ದ ನರ್ಸೊಬ್ಬರಿಗೆ ನಾನು ದುಭಾಷಿಯಾಗಿದ್ದೆ. ಬಸವನಗುಡಿಯ ಒಂದು ಮನೆಯಲ್ಲಿ ಬಾವಿ ನೋಡಿ ಮುಗಿಸಿದಾಗ, ಮನೆಯ ಹಿರಿಯರಾದ ಸೀತಮ್ಮ ನಮಗೆ ಹಿತ್ತಾಳೆ ಲೋಟಗಳಲ್ಲಿ ಕಾಫಿ ತಂದುಕೊಟ್ಟರು. ನರ್ಸ್ ತಮ್ಮ ಚೀಲದಿಂದ ಕಾಗದದ ಲೋಟವೊಂದನ್ನು ತೆಗೆದು, ಕಾಫಿಯನ್ನು ಅದಕ್ಕೆ ಬಗ್ಗಿಸಿಕೊಂಡು ಕುಡಿದರು. ಆಮೇಲೆ ಆ ಹೊಚ್ಚ ಹೊಸ ಲೋಟವನ್ನು ಅಂಗೈಯಲ್ಲಿ ಹಿಸುಕಿ ಮುದ್ದೆ ಮಾಡಿಬಿಟ್ಟರು.

ಸೀತಮ್ಮನ ಮುಖ ಬಿಳಿಚಿಕೊಂಡಿತು. "ಕಾಫಿ ಅಷ್ಟು ಕೆಟ್ಟದಾಗಿತ್ತೇನಪ್ಪಾ? ಸಿಟ್ಟು ಬಂದು ಲೋಟಾನೇ ಹಿಸುಕಿಬಿಟ್ರಲ್ಲ!"

ನಾನು ಗಾಬರಿಯಿಂದ ನರ್ಸ್ ಅವರನ್ನು ಕೇಳಿ, ಅವರು ಹೇಳಿದ್ದನ್ನೇ ಹೇಳಿದೆ. "ಸಿಟ್ಟಲ್ಲಮ್ಮ. ಬೇರೆಯವರ ಎಂಜಲು ತಾಗಬಾರದು ಅಂತ ಒಂದೇ ಸಲ ಕುಡಿದು ಬಿಸಾಡೋ ಲೋಟವಂತೆ."

"ಒಂದು ಕಾಫಿಗೆ ಒಂದು ಲೋಟವೇ? ಈ ಹಿತ್ತಾಳೆ ಲೋಟ ನಮ್ಮತ್ತೆ ಕಾಲದ್ದಪ್ಪ, ಇನ್ನೂ ಬಳಸ್ತಿದೀವಿ! ಎಂಜಲಾಗಬಾರದು ಅಂದ್ರೆ ಎತ್ತಿ ಕುಡೀಬೇಕು, ಅಷ್ಟೇ."

ಹೇಳುತ್ತಲೇ ಒಳಗೆ ಹೋಗಿ ಇನ್ನೆರಡು ಲೋಟ ಕಾಫಿ ತಂದರು. ಒಂದನ್ನು ನರ್ಸ್ ಕೈಗೆ ಕೊಟ್ಟು, ತಾವು ತಲೆಯನ್ನು ಹಿಂದಕ್ಕೆ ಬಾಗಿಸಿ, ತುಟಿಗೆ ಸೋಕಿಸದೆ ಗಟಗಟನೆ ಸುರಿದುಕೊಂಡು ತೋರಿಸಿದರು. ನರ್ಸ್ ಬೆರಗಾಗಿ ನೋಡಿದರು, ಧೈರ್ಯ ಮಾಡಿ ತಾವೂ ಎತ್ತಿದರು. ಅರ್ಧ ಕಾಫಿ ಬಾಯಿಗೆ ಹೋಯಿತು, ಅರ್ಧ ಬಿಳಿ ಅಂಗಿಯ ಮೇಲೆ ಹರಿಯಿತು. ಸೀತಮ್ಮ "ಅಯ್ಯೋ!" ಎಂದು ಓಡಿಹೋಗಿ ಟವೆಲು ತಂದರು. ನರ್ಸ್ ಮಾತ್ರ ನಗುತ್ತಾ, ಉಳಿದ ತೊಟ್ಟನ್ನೂ ಎತ್ತಿಯೇ ಕುಡಿದರು.

ಮುಂದಿನ ಮನೆಗೆ ಹೋಗುವ ಮೊದಲು ಅವರು ನನ್ನಿಂದ ಒಂದು ಕನ್ನಡ ವಾಕ್ಯ ಕಲಿತರು: "ಸ್ವಲ್ಪ ಆರಿಸಿ ಕೊಡಿ." ನಾಲಿಗೆ ಸುಟ್ಟಿತ್ತು, ಪಾಪ.